ಗುದನಾಳದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರದ ಶೌಚದ ತೊಂದರೆ: ವೈದ್ಯರು ಕೇಳಬೇಕಾದ ಪ್ರಶ್ನೆಗಳು ಯಾವುವು?

ಅಂತರಗಂಗೆ – ಸಾಮಾನ್ಯ ವೈದ್ಯೆ, ಕೋಲಾರ

ನಮ್ಮ ಜಿಲ್ಲೆಯ ವೈದ್ಯಮಿತ್ರರ ಜೊತೆಗೆ ರೋಗಿಗಳ ಮನೆಯವರೂ ಓದಲಿ ಎಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಗುದನಾಳದ ಕ್ಯಾನ್ಸರಿಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದವರು ನಮ್ಮ ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲೂ ಇದ್ದಾರೆ. ಮುಂದೆ ಜ್ವರಕ್ಕೋ ಸಕ್ಕರೆ ಕಾಯಿಲೆಗೋ ಮಂಡಿನೋವಿಗೋ ಅವರು ಬರುವುದು ನಮ್ಮಂತಹ ಸಾಮಾನ್ಯ ವೈದ್ಯರ ಬಳಿಗೆ. ಕ್ಯಾನ್ಸರ್ ಮರುಕಳಿಸಿದೆಯೇ ಎಂದು ನೋಡುವ ವ್ಯವಸ್ಥೆ ಅಚ್ಚುಕಟ್ಟಾಗಿದೆ. ಸಿಇಎ ರಕ್ತಪರೀಕ್ಷೆ, ಸಿಟಿ ಸ್ಕ್ಯಾನ್, ಕೊಲೊನೊಸ್ಕೋಪಿ ಎಲ್ಲವೂ ದಿನಾಂಕ ಸಮೇತ ಫೈಲಿನಲ್ಲಿರುತ್ತವೆ. ಆದರೆ ಆ ದಪ್ಪ ಫೈಲನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿದರೂ ಆ ಮನುಷ್ಯ ದಿನನಿತ್ಯ ಶೌಚಕ್ಕೆ ಹೇಗೆ ಹೋಗುತ್ತಿದ್ದಾನೆ ಎಂಬ ಒಂದು ಸಾಲು ಸಿಗುವುದು ಅಪರೂಪ. ಸಿಕ್ಕರೂ ಅದು "ದಿನಕ್ಕೆ ಮೂರು ಸಲ, ರಕ್ತವಿಲ್ಲ" ಎಂಬಷ್ಟಕ್ಕೇ ನಿಂತಿರುತ್ತದೆ.

ಗುದನಾಳವು ಮಲವನ್ನು ತಡೆದು ಹಿಡಿದು, ಹೊತ್ತು ನೋಡಿ ಹೊರಬಿಡುವ ಜಾಗ. ಬಂದಿರುವುದು ಗಾಳಿಯೋ ನೀರೋ ಗಟ್ಟಿಯೋ ಎಂದು ಗುರುತಿಸುವ ಸಂವೇದನೆಯೂ ಅದರ ಕೆಳಭಾಗದಲ್ಲಿದೆ. ಶಸ್ತ್ರಚಿಕಿತ್ಸೆಯಲ್ಲಿ ಆ ಭಾಗವನ್ನು ತೆಗೆದು ಮೇಲಿನ ಕರುಳನ್ನು ಕೆಳಗೆಳೆದು ಜೋಡಿಸುತ್ತಾರೆ. ಹಾಗೆ ಕೆಳಗಿಳಿದ ಕರುಳಿಗೆ ಹಿಗ್ಗಿ ಹಿಡಿದಿಟ್ಟುಕೊಳ್ಳುವ ಗುಣ ಅಷ್ಟಿಲ್ಲ. ಮಲವನ್ನು ಮುಂದಕ್ಕೆ ತಳ್ಳುವುದೇ ಅದರ ಸ್ವಭಾವ. ಇದರ ಜೊತೆಗೆ ಗುದದ ಒಳ ಸ್ನಾಯು ಸಡಿಲಗೊಂಡಿರಬಹುದು, ಸೊಂಟದೊಳಗಿನ ನರಗಳಿಗೆ ಪೆಟ್ಟಾಗಿರಬಹುದು, ರೇಡಿಯೇಷನ್‌ನಿಂದ ಅಲ್ಲಿನ ಮಾಂಸ ಗಡುಸಾಗಿರಬಹುದು. ಇವೆಲ್ಲ ಸೇರಿ ಉಂಟಾಗುವ ತೊಂದರೆಗಳ ಗುಂಪನ್ನು ವೈದ್ಯಕೀಯದಲ್ಲಿ ಲೋ ಆಂಟೀರಿಯರ್ ರಿಸೆಕ್ಷನ್ ಸಿಂಡ್ರೋಮ್, ಚಿಕ್ಕದಾಗಿ ಲಾರ್ಸ್ ಎನ್ನುತ್ತಾರೆ. ಜೋಡಣೆ ಗುದದ್ವಾರಕ್ಕೆ ಹತ್ತಿರವಾದಷ್ಟೂ ತೊಂದರೆ ಹೆಚ್ಚು. ಶಸ್ತ್ರಚಿಕಿತ್ಸೆಯ ಜೊತೆಗೆ ರೇಡಿಯೇಷನ್ ಆಗಿದ್ದರೆ, ಜೋಡಣೆ ಸೋರಿದ್ದರೆ ಇನ್ನೂ ಹೆಚ್ಚು. ಈ ಬಗೆಯ ಶಸ್ತ್ರಚಿಕಿತ್ಸೆ ಆದವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಇದು ತೀವ್ರ ಸ್ವರೂಪದಲ್ಲಿ ಕಾಡುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ.

ಇಷ್ಟು ಸಾಮಾನ್ಯವಾದ ತೊಂದರೆ ನಮ್ಮ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ, ನಾವು ಕೇಳುತ್ತಿಲ್ಲ ಎನ್ನುವುದಷ್ಟೇ ಅಲ್ಲ, ಕೇಳಿದಾಗಲೂ ತಪ್ಪು ಪ್ರಶ್ನೆಯನ್ನು ಕೇಳುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ. ದಿನಕ್ಕೆ ಎಷ್ಟು ಸಲ ಎಂದು ಎಣಿಸುತ್ತೇವೆ. ರೋಗಿಯನ್ನು ಮನೆಯಲ್ಲೇ ಕಟ್ಟಿಹಾಕುವುದು ಆ ಎಣಿಕೆಯಲ್ಲ. ಶೌಚ ಬಂತೆಂದರೆ ಒಂದು ನಿಮಿಷವೂ ತಡೆಯಲಾಗದ ಅವಸರ, ಹೋಗಿ ಬಂದು ಕುಳಿತ ಮೇಲೆ ಹತ್ತೇ ನಿಮಿಷಕ್ಕೆ ಮತ್ತೆ ಏಳಬೇಕಾದ ಸ್ಥಿತಿ, ಇವೆರಡೇ ಅವರನ್ನು ಹೆಚ್ಚು ಹಣ್ಣು ಮಾಡುವುದು. ಇದನ್ನು ಅನುಭವಿಸಿದವರು, ಆರೈಕೆ ಮಾಡಿದವರು, ಸಹೋದ್ಯೋಗಿಗಳು ದಯವಿಟ್ಟು ಬರೆಯಿರಿ.

ಮುಳಬಾಗಿಲಿನ ಮಗಳು

ಡಾಕ್ಟರಮ್ಮ, ನೀವು ಬರೆದಿರುವುದು ನಮ್ಮ ಮನೆಯ ಕಥೆ. ನಮ್ಮ ತಂದೆಗೆ ಮೊದಲು ರೇಡಿಯೇಷನ್, ಆಮೇಲೆ ಶಸ್ತ್ರಚಿಕಿತ್ಸೆ ಆಯಿತು. ಕೆಲವು ತಿಂಗಳು ಹೊಟ್ಟೆಯ ಮೇಲೆ ಮಲ ಸೇರುವ ಚೀಲವಿತ್ತು, ನಂತರ ಅದನ್ನು ತೆಗೆದರು. ಅಪ್ಪ ಟೊಮೇಟೊ ಬೆಳೆಗಾರರು. ಕೋಲಾರದ ಎಪಿಎಂಸಿಗೆ ಮಾಲು ಕಳಿಸಿದರೆ ತಾವೇ ಹೋಗಿ ಹರಾಜಿನಲ್ಲಿ ನಿಲ್ಲುತ್ತಿದ್ದವರು ಈಗ ತಮ್ಮನನ್ನು ಕಳಿಸುತ್ತಾರೆ. ಮಂಡಿಯಲ್ಲಿ ಬಾಕ್ಸುಗಳ ನಡುವೆ ನಿಂತಾಗ ಅವಸರವಾದರೆ ಎಲ್ಲಿಗೆ ಓಡುವುದು ಎಂಬುದೊಂದೇ ಅವರ ಚಿಂತೆ.

ವೈದ್ಯರು ತಿಳಿಯಲೇಬೇಕಾದ ಒಂದು ಸಂಗತಿಯನ್ನು ಹೇಳುತ್ತೇನೆ. ತಪಾಸಣೆಗೆ ಬೆಂಗಳೂರಿಗೆ ಹೋಗುವ ಹಿಂದಿನ ದಿನ ಮಧ್ಯಾಹ್ನದಿಂದಲೇ ಅಪ್ಪ ಊಟ ಬಿಡುತ್ತಾರೆ. ರಾತ್ರಿ ಒಂದು ಲೋಟ ಮಜ್ಜಿಗೆ, ಬೆಳಿಗ್ಗೆ ಏನೂ ಇಲ್ಲ. ಬಸ್ಸಿನಲ್ಲಿ ತೊಂದರೆಯಾಗಬಾರದೆಂದು ಖಾಲಿ ಹೊಟ್ಟೆಯಲ್ಲೇ ಹೊರಡುತ್ತಾರೆ. ಹಾಗಾಗಿ ವೈದ್ಯರ ಮುಂದೆ ಕುಳಿತಾಗ ಅವರ ಕರುಳು ತಿಂಗಳಲ್ಲೇ ಅತ್ಯಂತ ಶಾಂತವಾಗಿರುತ್ತದೆ. "ಹೇಗಿದ್ದೀರಿ" ಎಂದರೆ "ಚೆನ್ನಾಗಿದ್ದೀನಿ ಸಾರ್" ಎನ್ನುತ್ತಾರೆ. ಆ ಗಳಿಗೆಯ ಮಟ್ಟಿಗೆ ಅದು ಸುಳ್ಳೂ ಅಲ್ಲ. ಮರಳಿ ಬಂದು ರಾತ್ರಿ ಮುದ್ದೆ ಉಂಡರೆಂದರೆ ಬೆಳಗಿನ ಜಾವ ನಾಲ್ಕು ಗಂಟೆಯಿಂದ ಆರರವರೆಗೆ ಮಂಚಕ್ಕೂ ಕಕ್ಕಸಿಗೂ ಓಡಾಟ. ಆ ಎರಡು ಗಂಟೆ ಯಾವ ವೈದ್ಯರ ಕಣ್ಣಿಗೂ ಬಿದ್ದಿಲ್ಲ.

ಊರಿನ ಒಬ್ಬ ವೈದ್ಯರು ಇದನ್ನು ಆಮಶಂಕೆ ಎಂದು ತಿಳಿದು ಮೆಟ್ರೊನಿಡಜೋಲ್ ಮಾತ್ರೆಯನ್ನು ಮತ್ತೆ ಮತ್ತೆ ಕೊಟ್ಟರು. ಬಾಯಿ ಕಹಿಯಾಯಿತು, ಊಟ ಸೇರದಂತಾಯಿತು, ಕರುಳಿನ ಅವಸರ ಮಾತ್ರ ಹಾಗೆಯೇ ಉಳಿಯಿತು.

ಶಸ್ತ್ರಚಿಕಿತ್ಸಾ ವಿಭಾಗದ ಕಿರಿಯ ವೈದ್ಯ

ಮೇಡಂ, ಶಸ್ತ್ರಚಿಕಿತ್ಸಕರ ಕಡೆಯಿಂದ ಕೆಲವು ಮಾತು. ನಮ್ಮ ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಸಿಗುವ ಹೊತ್ತು ಬಹಳ ಕಡಿಮೆ. ಅಷ್ಟರಲ್ಲಿ ಕ್ಯಾನ್ಸರ್ ಮರುಕಳಿಸಿಲ್ಲ ಎಂದು ಖಚಿತಪಡಿಸಿಕೊಳ್ಳುವುದೇ ಮೊದಲ ಕೆಲಸವಾಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತಪ್ಪು ಪ್ರಶ್ನೆಯ ಬಗ್ಗೆ ನೀವು ಹೇಳಿದ ಮಾತಿಗೆ ಗಟ್ಟಿಯಾದ ಆಧಾರವೇ ಇದೆ.

ಡೆನ್ಮಾರ್ಕಿನ ಎಮರ್ಟ್‌ಸೆನ್ ಮತ್ತು ಲೌರ್‌ಬರ್ಗ್ 2012ರಲ್ಲಿ ಲಾರ್ಸ್ ಅಂಕಪಟ್ಟಿಯನ್ನು ಪ್ರಕಟಿಸಿದರು. ಅದರಲ್ಲಿ ಐದೇ ಪ್ರಶ್ನೆಗಳಿವೆ, ಒಟ್ಟು 42 ಅಂಕ. 20ರವರೆಗೆ ಬಂದರೆ ಲಾರ್ಸ್ ಇಲ್ಲ, 21ರಿಂದ 29 ಸೌಮ್ಯ, 30 ಮತ್ತು ಅದಕ್ಕಿಂತ ಮೇಲೆ ತೀವ್ರ. ಯಾವ ಲಕ್ಷಣಕ್ಕೆ ಎಷ್ಟು ಅಂಕ ಎಂಬುದನ್ನು ವೈದ್ಯರ ಊಹೆಗೆ ಬಿಡದೆ, ರೋಗಿಗಳ ಜೀವನದ ಗುಣಮಟ್ಟವನ್ನು ಅದು ಎಷ್ಟು ಕೆಡಿಸುತ್ತದೆ ಎಂಬುದನ್ನು ನೋಡಿ ನಿರ್ಧರಿಸಿದ್ದಾರೆ. ತಡೆಯಲಾಗದ ಅವಸರ ವಾರಕ್ಕೊಮ್ಮೆಯಾದರೂ ಇದ್ದರೆ 16 ಅಂಕ. ಒಂದು ಗಂಟೆಯೊಳಗೆ ಮತ್ತೆ ಹೋಗಬೇಕಾಗುವುದು ವಾರಕ್ಕೊಮ್ಮೆಯಾದರೂ ಇದ್ದರೆ 11. ಗಾಳಿಯನ್ನು ತಡೆಯಲಾಗದಿದ್ದರೆ 7. ನೀರಾದ ಮಲ ಸೋರಿದರೆ 3 ಮಾತ್ರ. ದಿನಕ್ಕೆ ಏಳಕ್ಕಿಂತ ಹೆಚ್ಚು ಸಲ ಹೋದರೂ 4 ಮಾತ್ರ. ಅದೇ ಪ್ರಶ್ನೆಗೆ, ದಿನಕ್ಕೊಮ್ಮೆಯೂ ಆಗದಿದ್ದರೆ 5.

ಈಗ ನಿಮ್ಮ "ದಿನಕ್ಕೆ ಮೂರು ಸಲ" ಎಂಬ ಸಾಲನ್ನು ಇದರಲ್ಲಿಟ್ಟು ನೋಡೋಣ. ಆ ಮೂರೂ ಸಲ ಒಂದೇ ಗಂಟೆಯೊಳಗೆ ಆಗುತ್ತಿದ್ದು, ಅವಸರವೂ ಇದ್ದು, ಗಾಳಿಯೂ ತಡೆಯದಿದ್ದರೆ 11, 16, 7 ಸೇರಿ 34 ಆಗುತ್ತದೆ. ನಮ್ಮ ಕೇಸ್ ಶೀಟಿನ ಪ್ರಕಾರ ಇವರಿಗೆ ಏನೂ ಇಲ್ಲ, ಅಂಕಪಟ್ಟಿಯ ಪ್ರಕಾರ ತೀವ್ರ ಲಾರ್ಸ್. ಇನ್ನೊಬ್ಬರು ದಿನಕ್ಕೆ ಎಂಟು ಸಲ ಹೋಗುತ್ತಾರೆ, ಆಗಾಗ ಸ್ವಲ್ಪ ಸೋರುತ್ತದೆ, ಆದರೆ ಅವಸರವಿಲ್ಲ, ಬೆನ್ನುಬೆನ್ನಿಗೆ ಹೋಗಬೇಕಾಗಿಯೂ ಇಲ್ಲ ಎಂದುಕೊಳ್ಳಿ. ಅವರಿಗೆ ಬರುವುದು 7 ಅಂಕ. ನಾವು ಗಾಬರಿಯಾಗುವುದು ಈ ಎರಡನೆಯವರನ್ನು ನೋಡಿ.

2014ರಲ್ಲಿ ಅದೇ ಡೆನ್ಮಾರ್ಕಿನ ತಂಡದವರು ಬಿಎಂಜೆ ಓಪನ್ ಪತ್ರಿಕೆಯಲ್ಲಿ ಇದನ್ನೇ ನೇರವಾಗಿ ಪರೀಕ್ಷಿಸಿದರು. ರೋಗಿಗಳಿಗೆ ಯಾವುದು ಹೆಚ್ಚು ಬಾಧಿಸುತ್ತದೆ ಎಂದು ಗುದನಾಳದ ಕ್ಯಾನ್ಸರಿನ ತಜ್ಞರನ್ನು ಕೇಳಿ, ಅವರ ಉತ್ತರವನ್ನು ರೋಗಿಗಳು ಹೇಳಿದ್ದರೊಂದಿಗೆ ಹೋಲಿಸಿದರು. ತಜ್ಞರು ನೀರಾದ ಮಲದ ಸೋರಿಕೆಗೂ ಶೌಚದ ಸಂಖ್ಯೆಗೂ ಇರುವುದಕ್ಕಿಂತ ಹೆಚ್ಚು ತೂಕ ಕೊಟ್ಟಿದ್ದರು, ಅವಸರಕ್ಕೂ ಬೆನ್ನುಬೆನ್ನಿಗೆ ಹೋಗುವುದಕ್ಕೂ ಕಡಿಮೆ ಕೊಟ್ಟಿದ್ದರು. ದಿನವೂ ಇದೇ ರೋಗವನ್ನು ನೋಡುವ ತಜ್ಞರ ಸ್ಥಿತಿಯೇ ಹೀಗಿರುವಾಗ, ವರ್ಷಕ್ಕೆ ಇಂತಹ ಒಬ್ಬಿಬ್ಬರನ್ನು ಕಾಣುವ ತಾಲ್ಲೂಕು ವೈದ್ಯರನ್ನು ದೂರಿ ಫಲವಿಲ್ಲ.

ನಿವೃತ್ತ ಮೇಷ್ಟ್ರು, ಬಂಗಾರಪೇಟೆ

ನಾನೂ ಈ ಶಸ್ತ್ರಚಿಕಿತ್ಸೆ ಆದವನು. ಚೀಲವನ್ನು ತೆಗೆದರೆ ಎಲ್ಲವೂ ಮೊದಲಿನಂತಾಗುತ್ತದೆ ಎಂದು ಎಲ್ಲರೂ ಹೇಳಿದ್ದರು, ನಾನೂ ಆ ದಿನಕ್ಕಾಗಿಯೇ ಕಾದಿದ್ದೆ. ತೆಗೆದ ಮೇಲೆ ಆದದ್ದನ್ನು ನೋಡಿ, ಶಸ್ತ್ರಚಿಕಿತ್ಸೆಯೇ ಕೆಟ್ಟಿದೆ, ಇಲ್ಲವೇ ರೋಗ ಮರಳಿದೆ ಎಂದು ಹೆದರಿ ಬಹಳ ಕಾಲ ಯಾರಿಗೂ ಹೇಳಲಿಲ್ಲ. ಇದಕ್ಕೊಂದು ಹೆಸರಿದೆ, ಇದು ಅನೇಕರಿಗೆ ಆಗುತ್ತದೆ ಎಂದು ಮೊದಲೇ ಒಂದು ಮಾತು ಹೇಳಿದ್ದರೆ ನನ್ನ ಹೆದರಿಕೆಯಲ್ಲಿ ಅರ್ಧ ಇಳಿದಿರುತ್ತಿತ್ತು. ಹೆಂಡತಿಯ ಮುಂದೆಯೂ ಬಾಯಿಬಿಡಲಾಗದ ಸಂಕಟ ಇದು. ದೇವಸ್ಥಾನಕ್ಕೆ ಹೋಗುವುದನ್ನು ನಿಲ್ಲಿಸಿದ್ದೇನೆ. ಮೈ ಶುಚಿಯಾಗಿದೆ ಎಂಬ ನಂಬಿಕೆ ನನಗೇ ಇಲ್ಲದಿರುವಾಗ ಗರ್ಭಗುಡಿಯ ಮುಂದೆ ಹೇಗೆ ನಿಲ್ಲಲಿ?

ಶುಶ್ರೂಷಕಿ, ಮಾಲೂರು

ಮೇಷ್ಟ್ರೇ, ನಮಸ್ಕಾರ. ನೀವು ಇಷ್ಟನ್ನು ಬರೆದದ್ದರಿಂದ ಓದುವ ಹತ್ತಾರು ಮಂದಿಗೆ ಧೈರ್ಯ ಬರುತ್ತದೆ.

ಹೊಟ್ಟೆಯ ಮೇಲೆ ಚೀಲವಿರುವವರ ಆರೈಕೆಯನ್ನು ನಾನು ಬಹಳ ಕಾಲದಿಂದ ಮಾಡುತ್ತಿದ್ದೇನೆ. ಚೀಲ ಇರುವಷ್ಟು ದಿನ ರೋಗಿಗೆ ನಮ್ಮ ಸಂಪರ್ಕವಿರುತ್ತದೆ, ಏನಾದರೂ ಆದರೆ ಫೋನು ಮಾಡುತ್ತಾರೆ. ಚೀಲ ತೆಗೆದ ದಿನವೇ ಆ ಕೊಂಡಿ ಕಳಚಿಬೀಳುತ್ತದೆ. ನಿಜವಾದ ಕಷ್ಟ ಶುರುವಾಗುವುದು ಆಮೇಲೆ, ಆದರೆ ಆಗ ಫೋನು ಮಾಡಲು ಯಾರೂ ಇಲ್ಲ. ಚೀಲ ತೆಗೆದ ನಂತರದ ಮೊದಲ ತಿಂಗಳುಗಳಲ್ಲಿ ಶುಶ್ರೂಷಕಿಯೊಬ್ಬರು ತಾವಾಗಿಯೇ ಕರೆಮಾಡಿ ವಿಚಾರಿಸುವ ಕ್ರಮವನ್ನು ಪ್ರತಿಯೊಂದು ಆಸ್ಪತ್ರೆಯೂ ಇಟ್ಟುಕೊಳ್ಳಬೇಕು.

ಪ್ರಶ್ನೆ ಕೇಳುವ ರೀತಿಯ ಬಗ್ಗೆಯೂ ಹೇಳುವುದಿದೆ. "ಮೋಷನ್ ಸರಿಯಾಗಿ ಆಗುತ್ತಿದೆಯಾ" ಎಂದರೆ ನಮ್ಮ ಜನ "ಆಗುತ್ತಿದೆ" ಎಂದು ಮುಗಿಸಿಬಿಡುತ್ತಾರೆ. ನಾನು ಹೀಗೆ ಕೇಳುತ್ತೇನೆ: "ಹೊರಕಡೆಗೆ ಬಂತು ಅನ್ನಿಸಿದ ಮೇಲೆ ಕೈಯಲ್ಲಿರುವ ಕೆಲಸ ಮುಗಿಸುವಷ್ಟು ಹೊತ್ತು ತಡೆಯೋಕಾಗುತ್ತಾ, ಇಲ್ಲ ಹಾಗೇ ಓಡಬೇಕಾ? ಒಂದು ಸಲ ಹೋಗಿ ಬಂದ ಮೇಲೆ ಒಂದು ಗಂಟೆ ನೆಮ್ಮದಿಯಾಗಿ ಕೂರೋಕಾಗುತ್ತಾ? ಬಸ್ಸು ಹತ್ತೋಕೆ ಮುಂಚೆ ಊಟ ಬಿಡ್ತೀರಾ? ಒಳಬಟ್ಟೆಗೆ ಏನಾದರೂ ಇಟ್ಟುಕೊಳ್ಳೋ ಅಭ್ಯಾಸ ಇದೆಯಾ? ಮದುವೆ ಮನೆಗೆ ಕೊನೇ ಸಲ ಹೋಗಿದ್ದು ಯಾವಾಗ?" ಮದುವೆ ಮನೆಯ ಪ್ರಶ್ನೆಗೆ ಬಂದಾಗ ಅನೇಕ ಹೆಂಗಸರು ಅತ್ತುಬಿಡುತ್ತಾರೆ.

ಹೆಂಗಸರದು ಇನ್ನೂ ಕಷ್ಟ. ಗಡಿಭಾಗದ ಊರುಗಳಿಂದ ಬಂದವರು ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ಬೆಂಗಳೂರಿನ ವೈದ್ಯರ ಮುಂದೆ ಮಗನೋ ಅಳಿಯನೋ ನಡುವೆ ನಿಂತು ಮಾತನ್ನು ತಿಳಿಸುತ್ತಾನೆ. ಅಳಿಯನ ಬಾಯಿಂದ ಅತ್ತೆ ಇಂತಹ ಮಾತನ್ನು ಹೇಗೆ ಆಡಿಸಿಯಾಳು? ಗಂಡಸರನ್ನು ಐದು ನಿಮಿಷ ಹೊರಗೆ ನಿಲ್ಲಿಸಿ, ಒಬ್ಬ ಶುಶ್ರೂಷಕಿ ಮಾತಾಡಿದರೆ ಎಲ್ಲವೂ ಹೊರಬರುತ್ತದೆ.

ಇನ್ನು ಚರ್ಮದ ಬಗ್ಗೆ. ಮತ್ತೆ ಮತ್ತೆ ತೊಳೆದು, ಒರಟು ಬಟ್ಟೆಯಿಂದ ಒರೆಸಿ, ಸೋಪು ಹಾಕಿ ಅನೇಕರು ಗುದದ ಸುತ್ತ ಹುಣ್ಣು ಮಾಡಿಕೊಂಡಿರುತ್ತಾರೆ. ಬರೀ ನೀರಿನಿಂದ ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಮುಲಾಮನ್ನು ತೆಳುವಾಗಿ ಹಚ್ಚಿದರೆ ಬಹಳ ಮಟ್ಟಿಗೆ ವಾಸಿಯಾಗುತ್ತದೆ. ನೆಲಮಟ್ಟದ ಕಕ್ಕಸಿನಲ್ಲಿ ಗಂಟೆಗೆ ಮೂರು ಸಲ ಕುಕ್ಕರಗಾಲಿನಲ್ಲಿ ಕೂರುವುದು ಮಂಡಿನೋವಿನವರಿಗೆ ಬೇರೆಯೇ ಶಿಕ್ಷೆ. ಕಮೋಡ್ ಕುರ್ಚಿಯನ್ನು ಬರೆದುಕೊಡಿ.

ಶ್ರೀನಿವಾಸಪುರದ ಓದುಗ

ನಮ್ಮ ಅಣ್ಣನಿಗೆ ಆದದ್ದು ಗುದನಾಳದ್ದಲ್ಲ, ಬಲಗಡೆಯ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆ. ಅವರಿಗೂ ಊಟವಾದ ಕೂಡಲೇ ನೀರು ನೀರಾಗಿ ಬೇದಿಯಾಗುತ್ತದೆ. ಇದೂ ಲಾರ್ಸ್ ತಾನೇ?

ಅಂತರಗಂಗೆ

ಅಲ್ಲ ಸರ್, ಕಾರಣ ಬೇರೆ, ಆದ್ದರಿಂದ ಚಿಕಿತ್ಸೆಯೂ ಬೇರೆ. ಯಕೃತ್ತಿನಿಂದ ಕರುಳಿಗೆ ಬರುವ ಪಿತ್ತರಸದ ಆಮ್ಲಗಳನ್ನು ಸಣ್ಣ ಕರುಳಿನ ಕೊನೆಯ ಭಾಗ ಹೀರಿ ಹಿಂದಕ್ಕೆ ಕಳಿಸುತ್ತದೆ. ಬಲಗಡೆಯ ಶಸ್ತ್ರಚಿಕಿತ್ಸೆಯಲ್ಲಿ ಆ ಕೊನೆಯ ಭಾಗದ ಸ್ವಲ್ಪವನ್ನೂ, ಸಣ್ಣ ಕರುಳಿಗೂ ದೊಡ್ಡ ಕರುಳಿಗೂ ನಡುವೆ ಇರುವ ಕವಾಟವನ್ನೂ ತೆಗೆಯುತ್ತಾರೆ. ಹೀರಲ್ಪಡದ ಪಿತ್ತಾಮ್ಲ ದೊಡ್ಡ ಕರುಳಿಗಿಳಿದು ನೀರು ಬಿಡಿಸುತ್ತದೆ. ಇದಕ್ಕೆ ಕೊಲೆಸ್ಟಿರಮೈನ್ ಎಂಬ ಪುಡಿಯಿದೆ. ಪಿತ್ತಾಮ್ಲವನ್ನು ಕರುಳಿನಲ್ಲೇ ಹಿಡಿದಿಡುತ್ತದೆ. ಬೇರೆ ಮಾತ್ರೆಗಳ ಜೊತೆ ಸೇರಿಸಿ ಕೊಟ್ಟರೆ ಅವನ್ನೂ ಹಿಡಿದಿಡುವುದರಿಂದ ನಡುವೆ ಕೆಲವು ಗಂಟೆಗಳ ಅಂತರವಿರಬೇಕು. ಸಣ್ಣ ಕರುಳಿನ ಹೆಚ್ಚಿನ ಭಾಗ ಹೋಗಿದ್ದರೆ ರಕ್ತದಲ್ಲಿ ಬಿ12 ವಿಟಮಿನ್ ಕೂಡ ಪರೀಕ್ಷಿಸಬೇಕು. ನಿಮ್ಮ ಅಣ್ಣನವರು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ನೋಡಿ. ಅದರಿಂದಲೂ ಬೇದಿಯಾಗುತ್ತದೆ, ಬಿ12 ಕೂಡ ಇಳಿಯುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ ಬದಲಾಯಿಸಿಕೊಳ್ಳಿ. ಕ್ಯಾಪೆಸಿಟಬಿನ್ ಎಂಬ ಕಿಮೋ ಮಾತ್ರೆ ಇನ್ನೂ ನಡೆಯುತ್ತಿರುವಾಗ ಬೇದಿಯಾದರೆ ಅದನ್ನು ಹಗುರವಾಗಿ ಕಾಣಬಾರದು, ಅದೇ ದಿನ ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಗೆ ತಿಳಿಸಬೇಕು.

ಮಾಸ್ತಿಯ ಕೃಷಿಕ

ಒಂದು ಭಿನ್ನಾಭಿಪ್ರಾಯ. ಇದನ್ನೆಲ್ಲ ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಿದರೆ ನಮ್ಮ ಕಡೆಯ ಜನ ಹೆದರಿ ಶಸ್ತ್ರಚಿಕಿತ್ಸೆಯನ್ನೇ ಬೇಡವೆಂದು ನಾಟಿ ಔಷಧಿಗೆ ಹೋಗಿಬಿಡುವುದಿಲ್ಲವೇ? ನನ್ನ ಸಂಬಂಧಿಕರೊಬ್ಬರು ಹೊಟ್ಟೆಯ ಮೇಲೆ ಚೀಲ ಎಂಬ ಮಾತು ಕೇಳಿಯೇ ಆಸ್ಪತ್ರೆಯಿಂದ ಎದ್ದು ಬಂದರು. ಜೀವ ಉಳಿಯುವುದು ಮೊದಲು ಎಂದು ವೈದ್ಯರು ಭಾವಿಸಿದರೆ ಅವರನ್ನು ತಪ್ಪೆನ್ನಲಾರೆ.

ಶಸ್ತ್ರಚಿಕಿತ್ಸಾ ವಿಭಾಗದ ಕಿರಿಯ ವೈದ್ಯ

ಅಣ್ಣ, ನಿಮ್ಮ ಆತಂಕ ನಿಜವಾದದ್ದೇ. ನಮ್ಮ ಹಿರಿಯರಲ್ಲೂ ಕೆಲವರು ಹೀಗೆಯೇ ಯೋಚಿಸುತ್ತಾರೆ. ಆದರೂ ನಾನು ಒಪ್ಪಲಾರೆ. ಹೇಳದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಮೇಷ್ಟ್ರು ಮೇಲೆ ಬರೆದಿದ್ದಾರೆ. ಇನ್ನೊಂದು ಮಾತು: ಕೆಲವರಿಗೆ ನಿಜವಾಗಿಯೂ ಎರಡು ದಾರಿಗಳಿರುತ್ತವೆ. ಗುದದ್ವಾರದ ಅತಿ ಸಮೀಪದ ಗೆಡ್ಡೆಯಲ್ಲಿ ಬಹಳ ಕೆಳಗೆ ಜೋಡಿಸುವುದು ಒಂದು, ಶಾಶ್ವತ ಚೀಲ ಇನ್ನೊಂದು. ಮೊದಲಿನಿಂದಲೇ ಗುದದ ಸ್ನಾಯು ಸಡಿಲವಿರುವ ವಯಸ್ಸಾದವರಿಗೆ ಎರಡನೆಯದೇ ನೆಮ್ಮದಿ ಕೊಡಬಹುದು. ಜೋಡಿಸಿದ ಮೇಲೆ ಬದುಕು ಹೇಗಿರುತ್ತದೆ ಎಂದು ತಿಳಿಸದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ರೋಗಿ ಆಯ್ಕೆ ಮಾಡಿದಂತಾಗುವುದಿಲ್ಲ. ವಯಸ್ಸು, ಗೆಡ್ಡೆಯ ಎತ್ತರ, ರೇಡಿಯೇಷನ್ ಮುಂತಾದವನ್ನು ನೋಡಿ ಮುಂದೆ ಲಾರ್ಸ್ ಎಷ್ಟಿರಬಹುದೆಂದು ಮೊದಲೇ ಅಂದಾಜಿಸುವ ಪೋಲಾರ್ಸ್ ಎಂಬ ಲೆಕ್ಕಾಚಾರವೂ ಇದೆ. ಹೆದರಿಸದಂತೆ ಹೇಳುವುದು ಸಾಧ್ಯ: "ನಿಮ್ಮ ಜೀವ ಉಳಿಸಲು ಇದನ್ನು ಮಾಡುತ್ತಿದ್ದೇವೆ. ಆಮೇಲೆ ಒಂದೆರಡು ವರ್ಷ ಶೌಚ ಮೊದಲಿನಂತಿರುವುದಿಲ್ಲ, ಸ್ವಲ್ಪ ಉಳಿದುಕೊಳ್ಳಲೂಬಹುದು. ಅದಕ್ಕೆ ಔಷಧವಿದೆ, ವ್ಯಾಯಾಮವಿದೆ, ನಾವೂ ಇದ್ದೇವೆ."

2020ರಲ್ಲಿ ಹಲವು ದೇಶಗಳ ರೋಗಿಗಳು, ಶಸ್ತ್ರಚಿಕಿತ್ಸಕರು ಮತ್ತು ಇತರ ಆರೋಗ್ಯ ಸಿಬ್ಬಂದಿ ಸೇರಿ ಲಾರ್ಸ್‌ಗೆ ಒಮ್ಮತದ ವ್ಯಾಖ್ಯೆಯನ್ನು ಕೊಟ್ಟರು. ಎಂಟು ಲಕ್ಷಣಗಳಲ್ಲಿ ಒಂದಾದರೂ ಇರಬೇಕು, ಅದರಿಂದ ಎಂಟು ಪರಿಣಾಮಗಳಲ್ಲಿ ಒಂದಾದರೂ ಆಗಿರಬೇಕು. ಆ ಪರಿಣಾಮಗಳಲ್ಲಿ ಶೌಚಾಲಯವನ್ನು ಬಿಟ್ಟು ದೂರ ಹೋಗಲಾಗದಿರುವುದು, ಸದಾ ಕರುಳಿನದೇ ಚಿಂತೆ, ದಾಂಪತ್ಯದ ಮೇಲಿನ ಪ್ರಭಾವ, ಜವಾಬ್ದಾರಿಗಳನ್ನು ಬಿಟ್ಟುಕೊಡಬೇಕಾಗುವುದು ಎಲ್ಲವೂ ಇವೆ. ಮುಳಬಾಗಿಲಿನವರ ತಂದೆ ಮಂಡಿಗೆ ಹೋಗುವುದನ್ನು ಬಿಟ್ಟದ್ದು ಆ ವ್ಯಾಖ್ಯೆಯ ಪ್ರಕಾರ ರೋಗದ ಭಾಗವೇ.

ಮುಳಬಾಗಿಲಿನ ಮಗಳು

ಹಾಗಾದರೆ ಈಗ ಏನು ಮಾಡಬಹುದು? ಅಪ್ಪನಿಗೆ ಚೀಲ ತೆಗೆದು ಒಂದೂವರೆ ವರ್ಷದ ಮೇಲಾಗಿದೆ. ಮುದ್ದೆ ಬಿಡಿಸಬೇಕೇ? ಅವರು ಮುದ್ದೆ ಇಲ್ಲದೆ ಊಟ ಮಾಡಿದ ಹಾಗೇ ಅಲ್ಲ ಎನ್ನುತ್ತಾರೆ.

ಅಂತರಗಂಗೆ

ಇದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನಮ್ಮ, ಸಹೋದ್ಯೋಗಿಗಳಿಗೂ ಉಪಯೋಗಕ್ಕೆ ಬರಲಿ.

ಮೊದಲು ಬೇರೆ ಕಾರಣಗಳಿಲ್ಲವೆಂದು ನೋಡಬೇಕು. ಮಲದಲ್ಲಿ ರಕ್ತ, ತೂಕ ಇಳಿಯುವುದು, ಇಷ್ಟು ದಿನ ಒಂದು ಹದಕ್ಕೆ ಬಂದಿದ್ದ ಶೌಚ ಇದ್ದಕ್ಕಿದ್ದಂತೆ ಬದಲಾಗುವುದು, ಹೊಸದಾಗಿ ಬಂದ ನೋವು, ಇವುಗಳಲ್ಲಿ ಯಾವುದಿದ್ದರೂ ಲಾರ್ಸ್ ಎಂದು ಸುಮ್ಮನಾಗದೆ ಶಸ್ತ್ರಚಿಕಿತ್ಸೆ ಮಾಡಿದವರ ಬಳಿಗೆ ಕಳಿಸಬೇಕು. ಜೋಡಿಸಿದ ಜಾಗ ಕಿರಿದಾಗಿದೆಯೇ ಎಂದು ಬೆರಳಿನಿಂದ ಪರೀಕ್ಷಿಸಬೇಕು. ನಾವು ಬಹುಮಂದಿ ಇದನ್ನು ಬಿಟ್ಟುಬಿಡುತ್ತೇವೆ. ಒಳಗೆ ಮಲ ಗಟ್ಟಿಯಾಗಿ ನಿಂತು, ಅದರ ಸುತ್ತ ನೀರು ಸೋರಿ ಬೇದಿಯಂತೆ ಕಾಣುವುದೂ ಉಂಟು. ಅಂತಹವರಿಗೆ ಬೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಕಷ್ಟ ಇಮ್ಮಡಿಯಾಗುತ್ತದೆ.

ಊಟದ ವಿಷಯದಲ್ಲಿ ಪಟ್ಟಿ ಕೊಟ್ಟು ಎಲ್ಲವನ್ನೂ ನಿಷೇಧಿಸುವುದು ನನಗೆ ಸರಿಯೆನಿಸುವುದಿಲ್ಲ. ಎರಡು ವಾರ ಒಂದು ನೋಟುಪುಸ್ತಕದಲ್ಲಿ ಏನು ತಿಂದರು, ಎಷ್ಟು ಹೊತ್ತಿಗೆ ಹೋದರು, ತಡೆಯಲಾಯಿತೇ ಎಂದು ಬರೆದಿಡಿ. ಮುದ್ದೆಯನ್ನು ಬಿಡಿಸಬೇಡಿ, ರಾತ್ರಿಯ ಮುದ್ದೆಯನ್ನು ಮಧ್ಯಾಹ್ನಕ್ಕೆ ತನ್ನಿ, ಗಾತ್ರವನ್ನು ಅರ್ಧಕ್ಕಿಳಿಸಿ, ರಾತ್ರಿ ಬೇಗ ಅನ್ನ ಕೊಟ್ಟು ನೋಡಿ. ಅವರೆಕಾಳು, ಹುರುಳಿ ಸಾರು, ಹಸಿ ಈರುಳ್ಳಿ, ಹಲಸಿನ ಹಣ್ಣು ಗಾಳಿ ಹೆಚ್ಚಿಸುತ್ತವೆ. ಖಾರವೂ ಬೆಳಗಿನ ಕಾಫಿಯೂ ಹಲವರಿಗೆ ಅವಸರ ತರುತ್ತವೆ. ಹಾಲಿನಿಂದ ಹೆಚ್ಚಾಗುತ್ತಿದೆಯೇ ಎಂಬುದನ್ನು ಬೇರೆಯಾಗಿ ಗಮನಿಸಿ. ಮಲ ತೆಳುವಾಗಿದ್ದರೆ ಇಸಬ್‌ಗೋಲ್ ಹೊಟ್ಟನ್ನು ಸ್ವಲ್ಪವೇ ನೀರಿನಲ್ಲಿ ಕಲಸಿ ತೆಗೆದುಕೊಂಡರೆ ಗಟ್ಟಿಯಾಗುತ್ತದೆ. ಒಣಪುಡಿಯನ್ನು ಹಾಗೆಯೇ ನುಂಗಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಔಷಧಗಳಲ್ಲಿ ಲೋಪೆರಮೈಡ್ 2 ಮಿಲಿಗ್ರಾಂ ಮಾತ್ರೆ ಮುಖ್ಯವಾದುದು. ಬೇದಿಯಾದ ಮೇಲೆ ನುಂಗುವುದಕ್ಕಿಂತ ಊಟಕ್ಕೆ ಸುಮಾರು ಅರ್ಧ ಗಂಟೆ ಮೊದಲು ನುಂಗಿದರೆ, ಹೊಟ್ಟೆಗೆ ಅನ್ನ ಬಿದ್ದ ಕೂಡಲೇ ಕರುಳು ಎದ್ದು ತಳ್ಳುವುದನ್ನು ಅದು ತಡೆಯುತ್ತದೆ. ಕಡಿಮೆ ಪ್ರಮಾಣದಿಂದ ಆರಂಭಿಸಿ ವೈದ್ಯರು ಹೇಳಿದಂತೆ ಏರಿಸಬೇಕು. ಮಿತಿ ಮೀರಿದರೆ ಹೃದಯದ ಬಡಿತದ ಲಯವೇ ಕೆಡಬಹುದು. ಜ್ವರ, ರಕ್ತಬೇದಿ, ಹೊಟ್ಟೆಯುಬ್ಬರ ಇರುವಾಗ ಬೇಡ.

ಇಷ್ಟರಿಂದ ಸಾಲದಿದ್ದರೆ ಸೊಂಟದ ತಳಭಾಗದ ಸ್ನಾಯುಗಳ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಕಲಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಗುದದ ಮೂಲಕ ಉಗುರುಬೆಚ್ಚಗಿನ ನೀರು ಹಾಯಿಸಿ ಕರುಳಿನ ಕೆಳಭಾಗವನ್ನು ಒಮ್ಮೆಲೇ ಖಾಲಿ ಮಾಡುವ ವಿಧಾನವಿದೆ. ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ ಮಾಡಿಕೊಂಡರೆ ಉಳಿದ ಹೊತ್ತು ನಿಶ್ಚಿಂತೆಯಾಗಿ ಓಡಾಡಬಹುದು, ಮನೆಯಲ್ಲೇ ಮಾಡಿಕೊಳ್ಳಬಹುದು. ಆದರೆ ಜೋಡಣೆ ಪೂರ್ತಿ ಮಾಗಿದೆಯೆಂದು ಶಸ್ತ್ರಚಿಕಿತ್ಸಕರು ಒಪ್ಪಿದ ಮೇಲೆ, ತರಬೇತಿ ಪಡೆದವರಿಂದ ಕಲಿತೇ ಮಾಡಬೇಕು. ಅಂಗಡಿಯ ಎನಿಮಾ ತಂದು ಪ್ರಯೋಗಿಸಬಾರದು. ಆಯ್ದ ಕೆಲವರಿಗೆ ಬೆನ್ನಿನ ಕೆಳಭಾಗದ ನರಗಳಿಗೆ ಸಣ್ಣ ವಿದ್ಯುತ್ ಪ್ರಚೋದನೆ ಕೊಡುವ ಸಾಧನವನ್ನು ಅಳವಡಿಸುತ್ತಾರೆ. ಯಾವುದೂ ಫಲಿಸದಿದ್ದರೆ ಶಾಶ್ವತ ಚೀಲವನ್ನು ತಾವಾಗಿಯೇ ಬಯಸಿ ಪಡೆಯುವವರೂ ಇದ್ದಾರೆ, ಅದನ್ನು ಸೋಲೆಂದು ಯಾರೂ ತಿಳಿಯಬಾರದು.

ಚೀಲ ತೆಗೆದ ಮೊದಲ ವರ್ಷದಲ್ಲಿ ತಾನಾಗಿಯೇ ಆಗುವ ಸುಧಾರಣೆ ಹೆಚ್ಚು, ಎರಡು ವರ್ಷದ ಹೊತ್ತಿಗೆ ಅದು ಬಹುಮಟ್ಟಿಗೆ ನಿಲ್ಲುತ್ತದೆ. ಆದ್ದರಿಂದ ನಿಮ್ಮ ತಂದೆಯವರ ವಿಷಯದಲ್ಲಿ ಇನ್ನೂ ಕಾದು ನೋಡೋಣ ಎನ್ನುವುದು ಸರಿಯಲ್ಲ. ಮುಂದಿನ ತಪಾಸಣೆಗೆ ಹೋಗುವಾಗ ಆ ನೋಟುಪುಸ್ತಕವನ್ನು ಜೊತೆಗೆ ಒಯ್ಯಿರಿ. ಅವರು "ಚೆನ್ನಾಗಿದ್ದೀನಿ" ಎಂದಾಗ ನೀವು ಪುಸ್ತಕವನ್ನು ವೈದ್ಯರ ಮೇಜಿನ ಮೇಲಿಡಿ.

ನಿವೃತ್ತ ಮೇಷ್ಟ್ರು, ಬಂಗಾರಪೇಟೆ

ಮಾತ್ರೆಯನ್ನು ಊಟಕ್ಕೆ ಮೊದಲು ನುಂಗಬೇಕೆಂಬುದು ನನಗೆ ತಿಳಿದಿರಲಿಲ್ಲ, ಚೀಟಿಯಲ್ಲಿಯೂ ಹಾಗೆ ಬರೆದಿರಲಿಲ್ಲ. ನಾಳೆಯೇ ನಮ್ಮ ವೈದ್ಯರನ್ನು ಕೇಳುತ್ತೇನೆ. ಮೇಲಿನ ಐದು ಪ್ರಶ್ನೆಗಳನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ಕೊಟ್ಟರೆ, ನಮ್ಮ ಊರಿನ ಆಶಾ ಕಾರ್ಯಕರ್ತೆಯರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ನಾನೇ ತಲುಪಿಸುತ್ತೇನೆ. ಹಾಳೆಯ ಮೇಲೆ ಕ್ಯಾನ್ಸರ್ ಎಂಬ ಪದ ದೊಡ್ಡದಾಗಿ ಬೇಡ, ಮನೆಯವರು ಅದನ್ನು ಮಡಚಿ ಒಳಗಿಟ್ಟುಬಿಡುತ್ತಾರೆ.

ಶುಶ್ರೂಷಕಿ, ಮಾಲೂರು

ತೆಲುಗಿನಲ್ಲಿ ನಾನು ಬರೆದುಕೊಡುತ್ತೇನೆ ಮೇಷ್ಟ್ರೇ. ಓದಲು ಬಾರದವರಿಗೆ ಆಶಾ ಕಾರ್ಯಕರ್ತೆ ಬಾಯಲ್ಲೇ ಕೇಳಿ ಗುರುತು ಹಾಕಬೇಕಾಗುತ್ತದೆ, ಆದ್ದರಿಂದ ಮಾತು ಮನೆಯಲ್ಲಿ ಆಡುವಂತೆಯೇ ಇರಲಿ.

ಅಂತರಗಂಗೆ

ಹಾಳೆಯನ್ನು ಸಿದ್ಧಪಡಿಸುತ್ತೇನೆ. ಅಂಕಗಳನ್ನು ರೋಗಿಯ ಕೈಗೆ ಕೊಡುವ ಭಾಗದಲ್ಲಿ ಮುದ್ರಿಸುವುದಿಲ್ಲ, ಹಿಂಬದಿಯಲ್ಲಿ ವೈದ್ಯರಿಗಾಗಿ ಹಾಕುತ್ತೇನೆ. ಅಲ್ಲಿಯೇ ರಕ್ತ, ತೂಕ ಇಳಿಕೆ, ಹಠಾತ್ ಬದಲಾವಣೆಯ ಎಚ್ಚರಿಕೆಯೂ ಇರುತ್ತದೆ. ಮಾಲೂರಿನ ಸಿಸ್ಟರ್ ಹೇಳಿದ ಬಸ್ಸಿನ ಪ್ರಶ್ನೆ ಮೂಲ ಅಂಕಪಟ್ಟಿಯಲ್ಲಿಲ್ಲ, ಆದರೂ ಅದನ್ನು ಆರನೆಯದಾಗಿ, ಅಂಕವಿಲ್ಲದೆ ಸೇರಿಸುತ್ತೇನೆ. ತಪಾಸಣೆಯ ದಿನ ಉಪವಾಸವಿದ್ದು ಬಂದಿದ್ದಾರೆಯೇ ಎಂಬುದನ್ನೂ ವೈದ್ಯರು ಅಲ್ಲಿಯೇ ಬರೆದುಕೊಳ್ಳಬೇಕು.